ಜೀರುಂಡೆ ಡಬ್ಬಿ

ಗಿಟಾರ್ ನುಡಿಸುವವರ ಕಾಲಬುಡದಲ್ಲಿ ಸಾಲಾಗಿ ಕೂತ ಬಣ್ಣಬಣ್ಣದ ಲೋಹದ ಡಬ್ಬಿಗಳನ್ನು ನೀವೂ ನೋಡಿರುತ್ತೀರಿ. ಹಾಡಿನ ನಡುವೆ ನುಡಿಸುವವನು ಒಂದರ ಮೇಲೆ ಬೂಟುಗಾಲಿಡುತ್ತಾನೆ, ಟಕ್ಕೆಂದು ಸದ್ದಾಗುತ್ತದೆ. ಅಲ್ಲಿಯವರೆಗೆ ಸಾಧುವಾಗಿದ್ದ ಗಿಟಾರ್ ಇದ್ದಕ್ಕಿದ್ದಂತೆ ಗುರುಗುಟ್ಟುತ್ತದೆ, ಇಲ್ಲವೇ ಬಾವಿಯೊಳಗಿಂದ ಕೂಗಿದಂತೆ ಮಾರ್ದನಿಗೊಡುತ್ತದೆ. ಇವಕ್ಕೆ ಎಫೆಕ್ಟ್ ಪೆಡಲ್ ಎನ್ನುತ್ತಾರೆ. ವಿದೇಶದ ಹೆಸರಾಂತ ಕಂಪನಿಗಳದ್ದಾದರೆ ಒಂದೊಂದಕ್ಕೂ ಹತ್ತು ಹದಿನೈದು ಸಾವಿರ ರೂಪಾಯಿ. ಹೈದರಾಬಾದಿನ ಮಿಯಾಪುರದ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ, ರಜಾದಿನಗಳಲ್ಲಿ, ನಾನು ಮಾಡುವುದು ಇಂಥ ಡಬ್ಬಿಗಳನ್ನು. ಒಳಗಿನ ಸರ್ಕ್ಯೂಟನ್ನೂ ಮಾಡುತ್ತೇನೆ, ಹೊರಗಿನ ಲೋಹದ ಮೇಲೆ ಚಿತ್ತಾರವನ್ನೂ ಕೊರೆಯುತ್ತೇನೆ. ಕೊರೆಯುವುದು ಉಳಿಯಿಂದಲ್ಲ, ಮೈಲುತುತ್ತದಿಂದ. ಅದರ ಕತೆ ಮುಂದೆ ಹೇಳುತ್ತೇನೆ.

ಮಾಡಿದ್ದರಲ್ಲಿ ಹೆಚ್ಚಿನವು ಫಜ್ ಪೆಡಲ್‌ಗಳು. ಫಜ್ ಎಂದರೆ ಗಿಟಾರಿನ ಸ್ವರ ಒಡೆದು, ಅಂಚೆಲ್ಲ ಹರಿದು, ಜುಂಯ್ ಎನ್ನುವ ಒಂದು ಬಗೆಯ ಕರಕಲು ಸದ್ದು. ನಾನು ಸಾಗರದ ಕಡೆಯವನು. ಮಳೆಗಾಲಕ್ಕೆ ಮುಂಚೆ, ಮೇ ತಿಂಗಳ ಸಂಜೆ ಕಾಡಿನಲ್ಲಿ ಸಾವಿರ ಜೀರುಂಡೆ ಒಟ್ಟಿಗೆ ಶುರುಮಾಡುವುದನ್ನು ಕೇಳಿದವರಿಗೆ ಫಜ್ ಎಂದರೇನೆಂದು ಬೇರೆ ವಿವರಿಸಬೇಕಿಲ್ಲ. ಹಾಗಾಗಿ ನನ್ನ ಪೆಡಲಿನ ಹೆಸರೇ ಜೀರುಂಡೆ. ಅದಕ್ಕೆ ಎರಡೇ ತಿರುಪು: ಒಂದರ ಕೆಳಗೆ ‘ಸದ್ದು’, ಇನ್ನೊಂದರ ಕೆಳಗೆ ‘ಗದ್ದಲ’.

ಈ ಕರಕಲು ಸದ್ದು ಹುಟ್ಟಿದ್ದು ಕೆಟ್ಟ ಯಂತ್ರದಿಂದ. 1960ರ ಸುಮಾರಿಗೆ ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಮಾರ್ಟಿ ರಾಬಿನ್ಸ್ ಎಂಬ ಗಾಯಕನ ಹಾಡೊಂದರ ಧ್ವನಿಮುದ್ರಣ ನಡೆದಿತ್ತು. ಗ್ರೇಡಿ ಮಾರ್ಟಿನ್ ನುಡಿಸುತ್ತಿದ್ದ ಬೇಸ್ ಗಿಟಾರ್ ಹಾದುಹೋಗುತ್ತಿದ್ದ ಮಿಕ್ಸರ್ ಚಾನಲ್ ಕೆಟ್ಟು, ಸ್ವರ ಗೊರಗೊರ ಎಂದಿತು. ಅದನ್ನು ಅಳಿಸದೆ ಹಾಗೆಯೇ ಬಿಟ್ಟರು, ಹಾಡು ಗೆದ್ದಿತು. ಆ ಸದ್ದು ತಮಗೂ ಬೇಕು ಎಂದು ಉಳಿದವರು ಕೇಳತೊಡಗಿದಾಗ ಧ್ವನಿ ಎಂಜಿನಿಯರ್ ಗ್ಲೆನ್ ಸ್ನಾಡಿ, ಕೆಟ್ಟ ಚಾನಲ್ ಮಾಡಿದ್ದನ್ನು ಟ್ರಾನ್ಸಿಸ್ಟರುಗಳಿಂದ ಬೇಕೆಂದೇ ಮಾಡುವ ಸರ್ಕ್ಯೂಟ್ ರಚಿಸಿದ. ಗಿಬ್ಸನ್ ಕಂಪನಿ 1962ರಲ್ಲಿ ಅದನ್ನು ಮೇಸ್ಟ್ರೋ ಫಜ್‌ಟೋನ್ ಎಂಬ ಹೆಸರಲ್ಲಿ ಮಾರುಕಟ್ಟೆಗೆ ತಂದಿತು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ‘ಸ್ಯಾಟಿಸ್‌ಫ್ಯಾಕ್ಷನ್’ ಹಾಡಿನಲ್ಲಿ ಕೀತ್ ರಿಚರ್ಡ್ಸ್ ಅದನ್ನು ಮೆಟ್ಟಿದ ಮೇಲೆ ಅದಕ್ಕೆ ಜಾಹೀರಾತೇ ಬೇಕಾಗಲಿಲ್ಲ. ಮಾರನೆಯ ವರ್ಷ ಲಂಡನ್ನಿನಲ್ಲಿ ಆರ್ಬಿಟರ್ ಕಂಪನಿಯ ‘ಫಜ್ ಫೇಸ್’ ಬಂತು, ಮೈಕ್ ಸ್ಟ್ಯಾಂಡಿನ ಅಡಿಯಂಥ ದುಂಡು ಡಬ್ಬಿಯಲ್ಲಿ. ಜಿಮಿ ಹೆಂಡ್ರಿಕ್ಸ್ ಕಾಲಡಿಯಲ್ಲಿದ್ದದ್ದು ಅದೇ. ನನ್ನ ಜೀರುಂಡೆಯ ಹೊಟ್ಟೆಯಲ್ಲಿರುವುದೂ ಅದರ ಸರ್ಕ್ಯೂಟೇ: ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕೆಪಾಸಿಟರ್, ಎರಡು ತಿರುಪು. ಒಟ್ಟು ಹನ್ನೊಂದು ಬಿಡಿಭಾಗ. ನಮ್ಮೂರಿನ ಟಾರ್ಚ್ ರಿಪೇರಿಯವನೂ ಮಾಡಬಹುದಾದಷ್ಟು ಸರಳ ಎಂದು ಕಾಣುತ್ತದೆ. ಕಾಣುತ್ತದೆ, ಅಷ್ಟೇ.

ಒಳಗೆ ಆಗುವುದಿಷ್ಟು. ತಂತಿಯ ಸ್ವರ ಗುಡ್ಡಸಾಲಿನಂತೆ ಏರಿಳಿಯುವ ಅಲೆ. ಟ್ರಾನ್ಸಿಸ್ಟರ್ ಅದನ್ನು ಹಿಗ್ಗಿಸುತ್ತ ಹೋಗುತ್ತದೆ. ಆದರೆ ಬ್ಯಾಟರಿ ಇರುವುದು 9 ವೋಲ್ಟಿನದು. ಅಲೆ ಅದಕ್ಕಿಂತ ಎತ್ತರ ಬೆಳೆಯಲಾರದು, ತುದಿ ಕತ್ತರಿಸಿ ಹೋಗುತ್ತದೆ. ಗುಡ್ಡದ ನೆತ್ತಿ ಬಯಲಾಗುತ್ತದೆ. ಹಾಗೆ ಕತ್ತರಿಸಿದ ಅಲೆಯಲ್ಲಿ ಮೂಲಸ್ವರದ ಜತೆ ಅದರ ಮೂರರಷ್ಟು, ಐದರಷ್ಟು ಕಂಪನದ ಉಪಸ್ವರಗಳು ಹುಟ್ಟಿಕೊಳ್ಳುತ್ತವೆ. ಒಂದು ತಂತಿ ಮೀಟಿದರೆ ಒಂದು ಗುಂಪೇ ಕೂಗಿದಂತಾಗುವುದು ಅದಕ್ಕೆ. ಇದು ಪಾಶ್ಚಾತ್ಯರ ಗಲಾಟೆ ಎಂದು ಮೂಗು ಮುರಿಯುವವರಿಗೆ ನಾನು ತಂಬೂರಿಯನ್ನು ತೋರಿಸುತ್ತೇನೆ. ತಂಬೂರಿಯ ಕುದುರೆಯ ಮೇಲೆ ತಂತಿಯಡಿಗೆ ಸಿಕ್ಕಿಸುವ ನೂಲಿನೆಳೆ ಮಾಡುವುದೇನು? ತಂತಿ ಕುದುರೆಯನ್ನು ಸವರಿ ಸವರಿ ಝೇಂಕರಿಸುವಂತೆ ಮಾಡುತ್ತದೆ, ಇಲ್ಲದಿದ್ದ ಉಪಸ್ವರಗಳನ್ನು ಎಬ್ಬಿಸುತ್ತದೆ. ಅದಿಲ್ಲದ ತಂಬೂರಿ ಬರೀ ಟೊಂಯ್. ನಮ್ಮವರು ಆ ನೂಲಿಗೆ ಇಟ್ಟ ಹೆಸರು ಜೀವಾಳ. ಫಜ್ ಮಾಡುವುದು ತಂಬೂರಿಯ ಕೆಲಸವನ್ನೇ ಎಂದು ನಾನು ಹೇಳುತ್ತಿಲ್ಲ, ಅದು ಬೇರೆ ಬಗೆ. ಆದರೆ ಶುದ್ಧ ಸ್ವರಕ್ಕಿಂತ ಸ್ವಲ್ಪ ಹರಿದ ಸ್ವರದಲ್ಲಿ ಜೀವ ಹೆಚ್ಚು ಎಂದು ಕಿವಿ ಬಲ್ಲವರು ಮೊದಲೇ ಕಂಡುಕೊಂಡಿದ್ದರು.

ಹೈದರಾಬಾದಿನಲ್ಲಿ ಬಿಡಿಭಾಗಕ್ಕೆ ಹೋಗಬೇಕಾದ್ದು ಕೋಠಿಯ ಗುಜರಾತಿ ಗಲ್ಲಿಗೆ. ಬೆಂಗಳೂರಿನ ಎಸ್.ಪಿ. ರಸ್ತೆ ನೋಡಿದವರಿಗೆ ಅದರ ತಮ್ಮನಂತೆ ಕಾಣುತ್ತದೆ. ರೆಸಿಸ್ಟರುಗಳು ಪಟ್ಟಿಪಟ್ಟಿಯಾಗಿ, ಕೆಪಾಸಿಟರುಗಳು ಕಾಳಿನಂತೆ ಡಬ್ಬಗಳಲ್ಲಿ. ಪ್ರತಿಧ್ವನಿ ಪೆಡಲಿಗೆ ಬೇಕಾದ ಪಿಟಿ 2399 ಎಂಬ ತೈವಾನಿನ ಚಿಪ್ ಕೂಡ ಇಲ್ಲೇ ಸಿಗುತ್ತದೆ. ಮದುವೆಮನೆಯ, ಭಜನೆ ಮಂಡಳಿಯ ಮೈಕಿಗೆ ‘ಎಕೋ’ ಕೊಡುವ ಅಗ್ಗದ ಬೋರ್ಡುಗಳಲ್ಲಿ ಇರುವುದು ಅದೇ. ಗಲ್ಲಿಯ ಭಾಷೆ ದಖ್ಖನಿ. ಬೀದರ, ಕಲಬುರಗಿಯ ಕಡೆಯವರಿಗೆ ಆ ‘ಹೌ’, ‘ನಕ್ಕೋ’ ಮನೆಯದೇ. ನಾನು ಮಲೆನಾಡಿನವನು, ಹದಿನೇಳು ವರ್ಷದಲ್ಲಿ ಕಲಿತಿದ್ದೇನೆ. ಎಲ್ಲ ಸಿಗುವ ಆ ಗಲ್ಲಿಯಲ್ಲಿ ಸಿಗದೇ ಇರುವುದು ಒಂದೇ, ಜರ್ಮೇನಿಯಂ ಟ್ರಾನ್ಸಿಸ್ಟರ್. ಎಸಿ 128 ಇದೆಯಾ ಎಂದು ಕೇಳಿದಾಗ ಅಂಗಡಿಯ ಯುವಕ ತನ್ನ ಪಕ್ಕದವನ ಮುಖ ನೋಡಿ ನಕ್ಕ. “ಅಬ್ಬಾ ಕೇ ಜಮಾನೇ ಕಾ ಮಾಲ್ ಪೂಛ್‌ರೈಂ ಸಾಬ್” ಎಂದ. ಅಪ್ಪನ ಕಾಲದ ಸರಕು ಕೇಳುತ್ತಿದ್ದೀರಿ ಎಂದು.

ಅವನು ಹೇಳಿದ್ದು ಸರಿಯೇ. ಮೊದಮೊದಲ ಟ್ರಾನ್ಸಿಸ್ಟರುಗಳೆಲ್ಲ ಜರ್ಮೇನಿಯಂನವು. ಆಮೇಲೆ ಸಿಲಿಕಾನ್ ಬಂದು ಅವನ್ನು ಮೂಲೆಗೆ ಸರಿಸಿತು. ಭಾರತದಲ್ಲಿ ಜರ್ಮೇನಿಯಂ ಅರೆವಾಹಕಗಳನ್ನು ಮಾಡಿದ್ದು ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್. ಭಾರತ್ ಎಲೆಕ್ಟ್ರಾನಿಕ್ಸ್ ಶುರುವಾದದ್ದು 1954ರಲ್ಲಿ. 1961ರಲ್ಲಿ ರೇಡಿಯೋ ವಾಲ್ವುಗಳು, 1962ರಲ್ಲಿ ಜರ್ಮೇನಿಯಂ. ಅಂದರೆ ಅಮೆರಿಕದಲ್ಲಿ ಮೊದಲ ಫಜ್ ಪೆಡಲ್ ಅಂಗಡಿಗೆ ಬಂದ ವರ್ಷವೇ ಜಾಲಹಳ್ಳಿಯಲ್ಲಿ ಅದರ ಹೃದಯವಾಗಬಲ್ಲ ವಸ್ತುವಿನ ತಯಾರಿ ಆರಂಭವಾಗಿತ್ತು. ಅಲ್ಲಿ ಯಾರೂ ಗಿಟಾರಿನ ಬಗ್ಗೆ ಯೋಚಿಸಿರಲಾರರು. ಅವು ಹೋಗಿ ಸೇರಿದ್ದು ನಮ್ಮಜ್ಜಂದಿರು ವಾರ್ತೆ ಕೇಳುತ್ತಿದ್ದ, ಚರ್ಮದ ಚೀಲ ತೊಡಿಸಿದ ಟ್ರಾನ್ಸಿಸ್ಟರ್ ರೇಡಿಯೋಗಳಿಗೆ.

ಸಾಗರದಲ್ಲಿ ನನ್ನ ಸೋದರಮಾವ ಐವತ್ತು ವರ್ಷ ಅಂಥ ರೇಡಿಯೋ ರಿಪೇರಿ ಮಾಡಿದವರು. ಈಗ ಅಂಗಡಿ ಇಲ್ಲ, ವಯಸ್ಸು ಎಪ್ಪತ್ತಾರು, ಕಿವಿ ಮಾತ್ರ ಇನ್ನೂ ಚುರುಕು. ಎಸಿ 128 ಇದೆಯಾ ಎಂದು ಅವರಿಗೆ ಫೋನು ಮಾಡಿದೆ.

“ಅದೆಂತಕ್ಕೆ ನಿಂಗೆ?”

“ಗಿಟಾರಿನ ಸದ್ದು ಒಡೆಯೋ ಡಬ್ಬಿ ಮಾಡ್ತಿದೀನಿ ಮಾವ.”

“ಒಡೆಯೋದು ಅಂದ್ರೆ?”

“ಡಿಸ್ಟಾರ್ಷನ್.”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಅಲ್ಲ ಮಾರಾಯ, ಐವತ್ತು ವರ್ಷ ನಾನು ಜನರ ಹತ್ರ ದುಡ್ಡು ತಗೊಂಡಿದ್ದು ಅದನ್ನ ತೆಗೆಯೋಕೆ. ನೀನು ಅದನ್ನ ಹಾಕೋಕೆ ದುಡ್ಡು ತಗೊಳ್ತೀಯ?”

ಮುಂದಿನ ದೀಪಾವಳಿಗೆ ಊರಿಗೆ ಹೋದಾಗ ಅಟ್ಟದಿಂದ ಒಂದು ಹಾರ್ಲಿಕ್ಸ್ ಬಾಟಲಿ ಇಳಿಸಿ ಕೊಟ್ಟರು. ಒಳಗೆ ಕಿರುಬೆರಳಿನ ಉಗುರಿನಷ್ಟು ಉದ್ದದ ಲೋಹದ ಟೊಪ್ಪಿಗೆಗಳು, ಮೂರು ಮೂರು ಕಾಲು, ಎರಡೆರಡನ್ನು ಬಿಳಿ ದಾರದಿಂದ ಸುತ್ತಿ ಕಟ್ಟಿದ್ದು. ಹತ್ತೊಂಬತ್ತು ಜೋಡಿ. ರೇಡಿಯೋದ ಕೊನೆಯ ಹಂತದಲ್ಲಿ ಎಸಿ 128 ಯಾವಾಗಲೂ ಜೋಡಿಯಾಗಿ ದುಡಿಯುತ್ತದೆ. ಅಲೆಯ ಮೇಲರ್ಧವನ್ನು ಒಂದು, ಕೆಳಗರ್ಧವನ್ನು ಇನ್ನೊಂದು ಎತ್ತಿ ಸ್ಪೀಕರಿಗೆ ಕೊಡುತ್ತದೆ. ಎರಡರ ಬಲ ಸಮ ಇಲ್ಲದಿದ್ದರೆ ಧ್ವನಿ ಒಡೆಯುತ್ತದೆ. ಮಾವ ಹಳೆಯ ರೇಡಿಯೋಗಳಿಂದ ಬಿಚ್ಚಿದ್ದನ್ನೂ ಹೊಸದಾಗಿ ಕೊಂಡದ್ದನ್ನೂ ಅಳೆದು, ಸಮಬಲದವನ್ನು ಹುಡುಕಿ ಜೋಡಿಸಿ ಕಟ್ಟಿಟ್ಟಿದ್ದರು. ಎಷ್ಟು ಸಂಜೆಗಳ ಕೆಲಸವೋ.

ಫಜ್ ಸರ್ಕ್ಯೂಟಿಗೆ ಬೇಕಾದ್ದು ಇದಕ್ಕೆ ತೀರಾ ಉಲ್ಟಾ. ಮೊದಲ ಟ್ರಾನ್ಸಿಸ್ಟರಿನ ವರ್ಧನೆ 70-80ರ ಆಸುಪಾಸು, ಎರಡನೆಯದು 110-130. ಅಂದರೆ ಸಮಬಲದ ಜೋಡಿ ನನಗೆ ಉಪಯೋಗಕ್ಕಿಲ್ಲ; ಎರಡು ಜೋಡಿ ಬಿಚ್ಚಿ ಅದಲುಬದಲು ಮಾಡಬೇಕು. ಇದನ್ನು ಹೇಳಲೋ ಬೇಡವೋ ಎಂದುಕೊಂಡೇ ಹೇಳಿದೆ. ಮಾವ ಬಾಟಲಿಯ ಮುಚ್ಚಳ ತಿರುಗಿಸುತ್ತ, “ರೇಡಿಯೋನೇ ಇಲ್ಲ, ಇನ್ನು ಜೋಡಿ ಇಟ್ಟುಕೊಂಡು ಎಂತ ಮಾಡೋದು. ಆದರೆ ಲೆಕ್ಕ ಇಡು. ಯಾವುದು ಯಾರ ಮನೆಗೆ ಹೋಯ್ತು ಅಂತ ಬರ್ಕೋ” ಎಂದರು. ಬರೆದಿಟ್ಟಿದ್ದೇನೆ. ಹತ್ತೊಂಬತ್ತರಲ್ಲಿ ಒಂದು ಜೋಡಿಗೆ ಮಾತ್ರ ಕೆಂಪು ದಾರ. ಯಾಕೆಂದು ಕೇಳಿದ್ದಕ್ಕೆ, “ಅವು ಜೋಡಿ ಅಲ್ಲ. ಎರಡೂ ಒಂಟಿ ಉಳಿದವು. ಕಳೆದುಹೋಗದೇ ಇರಲಿ ಅಂತ ಒಟ್ಟಿಗೆ ಕಟ್ಟಿದ್ದು” ಎಂದರು.

ಅಳೆಯುವ ವಿಧಾನ ಆರ್.ಜಿ. ಕೀನ್ ಎಂಬ ಅಮೆರಿಕದ ಎಂಜಿನಿಯರ್ ಫಜ್ ಫೇಸ್ ಕುರಿತ ಬರಹದಲ್ಲಿ ಹೇಳಿಕೊಟ್ಟದ್ದು. ಜರ್ಮೇನಿಯಂಗೆ ಒಂದು ರೋಗವಿದೆ: ಬೇಸ್‌ಗೆ ಏನೂ ಕೊಡದಿದ್ದರೂ ಕರೆಂಟು ಸೋರುತ್ತಿರುತ್ತದೆ. ಸಾಮಾನ್ಯ ಮಲ್ಟಿಮೀಟರ್ ಈ ಸೋರಿಕೆಯನ್ನೂ ವರ್ಧನೆ ಎಂದೇ ಎಣಿಸಿ ಸುಳ್ಳು ಹೇಳುತ್ತದೆ. ಅದಕ್ಕೆ 9 ವೋಲ್ಟ್ ಬ್ಯಾಟರಿ, ಕಲೆಕ್ಟರಿಗೆ ಸುಮಾರು 2.4 ಕಿಲೋ ಓಮ್, ಬೇಸಿಗೆ 2.2 ಮೆಗಾ ಓಮ್. ಮೊದಲು ಬೇಸನ್ನು ಬಿಚ್ಚಿಟ್ಟು ಸೋರಿಕೆಯ ವೋಲ್ಟೇಜ್ ನೋಡಿಕೊಳ್ಳಬೇಕು, ಆಮೇಲೆ ಬೇಸ್ ಸೇರಿಸಿ ಮತ್ತೆ ನೋಡಿ ಕಳೆಯಬೇಕು. ಒಂದು ವೋಲ್ಟ್ ಏರಿದರೆ ವರ್ಧನೆ ನೂರು. ಮೂವತ್ತೆಂಟರಲ್ಲಿ ಎಂಟು ಸೋರಿ ಸೋರಿ ಕೆಲಸಕ್ಕೆ ಬಾರದವು. ಉಳಿದ ಮೂವತ್ತರಲ್ಲಿ ಮಾವನ ಜೋಡಿಗಳು ಎಷ್ಟು ನಿಖರವಾಗಿದ್ದವೆಂದರೆ ಎಷ್ಟೋ ಕಡೆ ಎರಡರ ನಡುವೆ ಐದರ ವ್ಯತ್ಯಾಸವೂ ಇರಲಿಲ್ಲ. ಕೆಂಪು ದಾರದ್ದು 78 ಮತ್ತು 122. ಯಾವ ಜೋಡಿಯನ್ನೂ ಮುರಿಯದೆ ಫಜ್‌ಗೆ ಹೇಳಿ ಮಾಡಿಸಿದಂತಿದ್ದದ್ದು ಅದೊಂದೇ. ಅದನ್ನು ತೆಗೆದು ಬೇರೆ ಇಟ್ಟೆ.

ಇನ್ನು ಹೈದರಾಬಾದಿನ ಬಿಸಿಲು. ಜರ್ಮೇನಿಯಂನ ಸೋರಿಕೆ ಪ್ರತಿ ಹತ್ತು ಡಿಗ್ರಿಗೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಸಾಗರದ ಮಳೆಗಾಲದ 25 ಡಿಗ್ರಿಯಲ್ಲಿ ಒಳ್ಳೆಯವನಾಗಿದ್ದ ಟ್ರಾನ್ಸಿಸ್ಟರ್ ಇಲ್ಲಿನ ಮೇ ತಿಂಗಳ 42 ಡಿಗ್ರಿಯಲ್ಲಿ ಮೂರು ಪಟ್ಟಿಗಿಂತ ಹೆಚ್ಚು ಸೋರುತ್ತದೆ. ಎರಡನೆಯ ಟ್ರಾನ್ಸಿಸ್ಟರಿನ ಕಲೆಕ್ಟರ್ ಬ್ಯಾಟರಿಯ ಅರ್ಧಕ್ಕೆ, ಅಂದರೆ 4.5 ವೋಲ್ಟಿನ ಹತ್ತಿರ ನಿಂತರೆ ಸ್ವರ ಚೆನ್ನ. ಅಲ್ಲಿಂದ ಸರಿದರೆ ಸಾಯುತ್ತಿರುವ ರೇಡಿಯೋದಂತೆ ಗೊಗ್ಗರಿಸಿ, ಸ್ವರದ ಬಾಲ ಕತ್ತರಿಸಿಹೋಗುತ್ತದೆ. ಹಾಗಾಗಿ ಮೂಲ ಸರ್ಕ್ಯೂಟಿನ 8.2 ಕಿಲೋ ಓಮ್ ರೆಸಿಸ್ಟರಿನ ಜಾಗದಲ್ಲಿ ಪುಟ್ಟ ಸ್ಕ್ರೂಡ್ರೈವರಿನಿಂದ ತಿರುಗಿಸಬಹುದಾದ ಪ್ರಿಸೆಟ್ ಹಾಕುತ್ತೇನೆ. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ತಿರುಗಿಸಿಕೊಳ್ಳಿ ಎಂದು ಕೊಂಡವರಿಗೆ ಹೇಳುತ್ತೇನೆ. ಋತುಮಾನಕ್ಕೆ ಶ್ರುತಿ ಬದಲಾಗುವ ವಾದ್ಯ ನಮಗೇನು ಹೊಸದಲ್ಲ. ಮೃದಂಗದವರು ಕಛೇರಿಗೊಂದು ಸಲ ಮಾಡುವುದನ್ನು ಇವರು ವರ್ಷಕ್ಕೆ ಎರಡು ಸಲ ಮಾಡಿದರಾಯಿತು.

ಇಷ್ಟು ಕಷ್ಟ ಯಾಕೆ, ಸಿಲಿಕಾನ್ ಹಾಕಬಾರದೇ? ಹಾಕಬಹುದು, ಹಾಕುತ್ತೇನೆ ಕೂಡ. ಫಜ್ ಫೇಸ್ ಮಾಡಿದವರೇ ಕೆಲವು ವರ್ಷಗಳಲ್ಲಿ ಸಿಲಿಕಾನಿಗೆ ಬದಲಾದರು. ಜರ್ಮೇನಿಯಂ ಎಂದರೆ ದೇವರು ಎಂಬಂತೆ ಮಾತಾಡುವ ಗಿಟಾರಿಗರಿದ್ದಾರೆ. ಬ್ಯಾಟರಿಯ ಕಂಪನಿ ಕೇಳಿ ಹೇಳಬಲ್ಲೆ ಎನ್ನುವವರೂ ಇದ್ದಾರೆ. ಅದರಲ್ಲಿ ಮುಕ್ಕಾಲು ಪಾಲು ವ್ಯಾಪಾರದ ಮಾತು ಎಂದೇ ನನ್ನ ಅಭಿಪ್ರಾಯ. ಉಳಿದ ಕಾಲು ಪಾಲು ಮಾತ್ರ ನಿಜ: ಗಿಟಾರಿನ ಮೇಲಿರುವ ವಾಲ್ಯೂಮನ್ನು ಕಾಲುಭಾಗ ಇಳಿಸಿದರೆ ಒಳ್ಳೆಯ ಜರ್ಮೇನಿಯಂ ಫಜ್ ಗದ್ದಲವನ್ನೆಲ್ಲ ಬಿಟ್ಟು ಗಾಜಿನಂಥ ಸ್ವರ ಕೊಡುತ್ತದೆ. ಕಾಲಿನಿಂದ ಒತ್ತದೆ, ಕಿರುಬೆರಳಿನಿಂದಲೇ ಕಾಡಿನಿಂದ ಅಂಗಳಕ್ಕೆ ಬರಬಹುದು. ಇನ್ನು ಬ್ಯಾಟರಿಗೆ ಅಂಗಡಿಯ ಅತಿ ಅಗ್ಗದ ಹೈವಾಟ್ ಸಾಕು. ಅದರ ಒಳರೋಧ ಹೆಚ್ಚು, ಈ ಸರ್ಕ್ಯೂಟಿಗೆ ಒಗ್ಗುವುದು ಅಂಥದ್ದೇ.

ಡಬ್ಬಿಯ ವಿಷಯಕ್ಕೆ ಬರುತ್ತೇನೆ. ಪೆಡಲಿನ ಡಬ್ಬಿ ಲೋಹದ್ದೇ ಆಗಬೇಕು. ಬೂಟುಗಾಲಿನ ಪೆಟ್ಟು ತಾಳಬೇಕಾದ್ದು ಒಂದು ಕಾರಣ. ಇನ್ನೊಂದು, ಮನೆಯ ವೈರಿಂಗಿನಿಂದ ಹೊಮ್ಮುವ 50 ಹರ್ಟ್ಸ್ ಗುಂಯ್‌ಗಾಟ. ಫಜ್ ಎಂದರೆ ಸಣ್ಣದನ್ನು ನೂರಾರು ಪಟ್ಟು ದೊಡ್ಡದು ಮಾಡುವ ಯಂತ್ರ, ಅದು ಗುಂಯ್‌ಗಾಟವನ್ನೂ ಬಿಡುವುದಿಲ್ಲ. ಸುತ್ತ ಲೋಹವಿದ್ದು, ಅದು ಗ್ರೌಂಡಿಗೆ ಸೇರಿದ್ದರೆ ಹೊರಗಿನ ಗಲಾಟೆ ಗೋಡೆಯಲ್ಲೇ ನಿಲ್ಲುತ್ತದೆ. ಶುರುವಿನಲ್ಲಿ ಗೋಡೆಯೊಳಗೆ ಸ್ವಿಚ್ಚಿಗೆಂದು ಹೂಳುವ ಜಿಐ ಬಾಕ್ಸನ್ನೇ ಬಳಸಿದೆ. ಕೆಲಸ ನಡೆಯುತ್ತದೆ, ಆದರೆ ತಗಡು ತೆಳು, ಅದರ ಮೇಲೆ ಚಿತ್ತಾರ ಕೊರೆಯಲಾಗದು. ಕೊರೆಯಲು ಎರಕದ ಅಲ್ಯೂಮಿನಿಯಂ ಬೇಕು. ಜಗತ್ತಿನ ಪೆಡಲ್ ಮಾಡುವವರೆಲ್ಲ ಕೆನಡಾದ ಹ್ಯಾಮಂಡ್ ಕಂಪನಿಯ 1590ಬಿ ಡಬ್ಬಿಯನ್ನು ಅಳತೆಗೋಲಿನಂತೆ ಬಳಸುತ್ತಾರೆ: ಉದ್ದ 112, ಅಗಲ 60, ಎತ್ತರ 31 ಮಿಲಿಮೀಟರ್. ಅದೇ ಅಳತೆಯ ಬೇರೆ ಡಬ್ಬಿಗಳೂ ಸಿಗುತ್ತವೆ.

ಚಿತ್ತಾರ ಕೊರೆಯಲು ಮೊದಲು ಡಬ್ಬಿಯ ಮುಖವನ್ನು ಗಾಜಿನ ಮೇಲೆ ಹಾಸಿದ ಮರಳುಕಾಗದಕ್ಕೆ ಉಜ್ಜಿ ಸಪಾಟು ಮಾಡಬೇಕು. ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ, ಹಳೆಯ ವಾರಪತ್ರಿಕೆಯ ನುಣುಪು ಹಾಳೆಯ ಮೇಲೆ ಲೇಸರ್ ಪ್ರಿಂಟ್ ತೆಗೆಯಬೇಕು. ಅದನ್ನು ಬಿಸಿ ಮಾಡಿದ ಡಬ್ಬಿಯ ಮೇಲೆ ಮಲಗಿಸಿ ಇಸ್ತ್ರಿ ಪೆಟ್ಟಿಗೆ ಒತ್ತಿದರೆ ಟೋನರ್ ಪುಡಿ ಕರಗಿ ಲೋಹಕ್ಕೆ ಅಂಟುತ್ತದೆ. ನೀರಲ್ಲಿ ನೆನೆಸಿ ಕಾಗದವನ್ನು ಬೆರಳಿನಿಂದ ಉಜ್ಜಿ ತೆಗೆದರೆ ಕಪ್ಪು ಚಿತ್ರ ಉಳಿಯುತ್ತದೆ. ಟೋನರ್ ಇರುವ ಕಡೆ ದ್ರಾವಣ ತಿನ್ನುವುದಿಲ್ಲ, ಬರಿಮೈಯನ್ನು ತಿನ್ನುತ್ತದೆ.

ತಿನ್ನುವ ದ್ರಾವಣಕ್ಕೆ ಹಲವರು ಫೆರಿಕ್ ಕ್ಲೋರೈಡ್ ಬಳಸುತ್ತಾರೆ, ಸರ್ಕ್ಯೂಟ್ ಬೋರ್ಡಿನ ತಾಮ್ರ ತಿನ್ನಿಸಲು ಬಳಸುವುದು ಅದನ್ನೇ. ಅಲ್ಯೂಮಿನಿಯಂ ಮೇಲೆ ಅದು ವಿಪರೀತ ಕುದಿಯುತ್ತದೆ, ಕಟುವಾದ ಹೊಗೆ, ಫ್ಲ್ಯಾಟಿನಲ್ಲಿ ಬೇಡ. ನಾನು ಬಳಸುವುದು ಮೈಲುತುತ್ತ ಮತ್ತು ಅಡುಗೆಯ ಉಪ್ಪು. ಅಡಿಕೆ ತೋಟದವರಿಗೆ ಮೈಲುತುತ್ತ ಯಾರೆಂದು ಹೇಳಬೇಕೆ? ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಮಿಶ್ರಣ: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಆ ಔಷಧವನ್ನು ಮೈಸೂರು ಸೀಮೆಯ ಅಡಿಕೆಗೆ ಒಗ್ಗಿಸಿದ ಲೆಸ್ಲಿ ಕೋಲ್ಮನ್ ಕೂಡ ಕೆನಡಾದವರೇ, ಡಬ್ಬಿಯ ಹ್ಯಾಮಂಡ್‌ನಂತೆ. ಮಿಶ್ರಣ ಹದಕ್ಕೆ ಬಂತೋ ಎಂದು ನೋಡಲು ನಮ್ಮಲ್ಲಿ ಅದಕ್ಕೆ ಕತ್ತಿಯ ತುದಿ ಅದ್ದುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಕಬ್ಬಿಣ ಕೆಂಪಾದರೆ ಸುಣ್ಣ ಸಾಲದು ಎಂದರ್ಥ. ಕಬ್ಬಿಣ ಕರಗಿ ನೀರಿಗಿಳಿದು, ನೀರಲ್ಲಿದ್ದ ತಾಮ್ರ ಕತ್ತಿಯ ಮೇಲೆ ಕೂರುವುದು ಆ ಕೆಂಪು. ನನ್ನ ಡಬ್ಬಿಯ ಮೇಲೆ ಆಗುವುದೂ ಅಕ್ಷರಶಃ ಅದೇ, ಕಬ್ಬಿಣದ ಬದಲು ಅಲ್ಯೂಮಿನಿಯಂ. ಬರೀ ಮೈಲುತುತ್ತದಲ್ಲಿ ಅದ್ದಿದರೆ ಏನೂ ಆಗದು, ಅಲ್ಯೂಮಿನಿಯಂ ಮೇಲಿನ ಆಕ್ಸೈಡ್ ಪದರ ಬಿಡುವುದಿಲ್ಲ. ಉಪ್ಪು ಹಾಕಿದೊಡನೆ ನೀಲಿ ನೀರು ಹಸಿರಿಗೆ ತಿರುಗುತ್ತದೆ, ಕ್ಲೋರೈಡ್ ಆ ಪದರವನ್ನು ಒಡೆಯುತ್ತದೆ, ನೋಡನೋಡುತ್ತ ಕೆಂಪು ತಾಮ್ರದ ಗಸಿ ಬುರುಬುರು ಎಂದು ಏಳುತ್ತದೆ. ಅರ್ಧ ಲೀಟರ್ ನೀರಿಗೆ ನೂರು ಗ್ರಾಂ ಮೈಲುತುತ್ತ, ಅಷ್ಟೇ ಉಪ್ಪು, ಹತ್ತಿಪ್ಪತ್ತು ನಿಮಿಷ. ಗಸಿಯನ್ನು ಮೃದು ಬ್ರಷ್ಷಿನಿಂದ ಆಗಾಗ ಸರಿಸುತ್ತಿರಬೇಕು. ಪಾತ್ರೆ ಪ್ಲಾಸ್ಟಿಕ್ಕಿನದೇ ಆಗಬೇಕು, ಕೈಗೆ ಗವಸು, ಕಣ್ಣಿಗೆ ಕನ್ನಡಕ. ಗುಳ್ಳೆಯಲ್ಲಿರುವುದು ಜಲಜನಕ, ಹತ್ತಿರ ಬೆಂಕಿ ಬೇಡ. ಉಳಿದ ದ್ರಾವಣವನ್ನು ಸಿಂಕಿಗೆ ಸುರಿಯಬೇಡಿ. ತಾಮ್ರ ಮೀನಿಗೆ ವಿಷ, ಈ ಊರಿನ ಕೆರೆಗಳಿಗೆ ಇರುವ ಕಷ್ಟವೇ ಸಾಕು. ಅಲ್ಯೂಮಿನಿಯಂ ಚೂರು ಹಾಕಿಟ್ಟರೆ ಬಣ್ಣವೆಲ್ಲ ಇಳಿದು ತಾಮ್ರ ತಳ ಸೇರುತ್ತದೆ, ಅದನ್ನು ಸೋಸಿ ತೆಗೆದು ಒಣಗಿಸಿ ಬೇರೆ ಇಡಬಹುದು.

ಚಿತ್ತಾರ ಯಾವುದು ಎಂಬ ಪ್ರಶ್ನೆಗೆ ಉತ್ತರ ಊರಿನಲ್ಲೇ ಇತ್ತು. ಸಾಗರದ ಕಡೆಯ ದೀವರ ಮನೆಗಳ ಗೋಡೆಯ ಮೇಲೆ ಹೆಂಗಸರು ಬರೆಯುವ ಹಸೆ ಚಿತ್ತಾರವನ್ನು ನೋಡಿದ್ದೀರಾದರೆ ಗೊತ್ತು: ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಬಿಳಿ, ಎಲ್ಲ ನೇರ ಗೆರೆ, ಚೌಕದೊಳಗೆ ಚೌಕ, ಎಣಿಸಿ ಇಟ್ಟಂಥ ಅಂತರ. ಲೋಹ ತಿನ್ನಿಸಲು ಇದಕ್ಕಿಂತ ಒಳ್ಳೆಯ ಚಿತ್ರ ಇನ್ನೊಂದಿಲ್ಲ. ಕನ್ನಡ ಅಕ್ಷರ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ದುಂಡಾದ ಮೈ ಚೆನ್ನಾಗಿಯೇ ಬರುತ್ತದೆ, ತೊಂದರೆ ಒತ್ತಕ್ಷರದ್ದು. ದ್ರಾವಣ ಕೆಳಕ್ಕೆ ತಿನ್ನುವಾಗ ಪಕ್ಕಕ್ಕೂ ತಿನ್ನುತ್ತದೆ, ‘ಗದ್ದಲ’ದ ದ ಒತ್ತು ಸವೆದು ಅದು ‘ಗದಲ’ ಆಗುತ್ತದೆ. ಅದಕ್ಕೆ ಒತ್ತನ್ನು ಮಾತ್ರ ಬೇರೆಯಾಗಿ ದಪ್ಪ ಮಾಡಿ ಕೂರಿಸುತ್ತೇನೆ.

ಮೂರನೆಯ ಜೀರುಂಡೆ ಹೋದದ್ದು ಸಿಕಂದರಾಬಾದಿನ ಚರ್ಚೊಂದರಲ್ಲಿ ಗಿಟಾರ್ ನುಡಿಸುವ ಹುಡುಗನಿಗೆ. ತೆಲುಗಿನವನು, ಡಬ್ಬಿಯ ಮೇಲಿನ ಲಿಪಿಯನ್ನು ತನ್ನದೆಂದೇ ಓದಲು ಹೋಗಿ ‘ಸದ್ದು’ ಸರಿಯಾಗಿ ಓದಿದ, ಅರ್ಥವೂ ಆಯಿತು, ತೆಲುಗಿನಲ್ಲೂ ಅದು ಸದ್ದೇ. ‘ಗದ್ದಲ’ ಕೇಳಿ ತಿಳಿದುಕೊಂಡ. ಭಾನುವಾರದ ಪ್ರಾರ್ಥನೆಯಲ್ಲಿ ಗದ್ದಲ ಅರ್ಧಕ್ಕಿಂತ ಮೇಲೆ ಹೋಗಬಾರದೆಂದು ಪಾಸ್ಟರ್ ಅಪ್ಪಣೆಯಾಗಿದೆಯಂತೆ. ಅವನು ನುಡಿಸಿದ್ದನ್ನು ಫೋನಿನಲ್ಲಿ ಮಾವನಿಗೆ ಕೇಳಿಸಿದೆ. ಪೂರ್ತಿ ಕೇಳಿದರು. “ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗಿರೋ ಮರ್ಫಿ ಹೀಗೇ ಕೂಗ್ತಿತ್ತು” ಎಂದರು. ಸ್ವಲ್ಪ ತಡೆದು, “ಆದರೆ ಇದು ರಾಗದಲ್ಲಿ ಕೂಗ್ತಾ ಇದೆ” ಎಂದರು. ಮಾವನಿಂದ ನನಗೆ ಸಿಕ್ಕ ಪ್ರಮಾಣಪತ್ರ ಅದು.

ಈವರೆಗೆ ಹತ್ತು ಜರ್ಮೇನಿಯಂ ಜೀರುಂಡೆಗಳಾಗಿವೆ. ಲೆಕ್ಕದ ಪುಸ್ತಕದಲ್ಲಿ ಉಳಿದಿರುವುದು ಹತ್ತು ಟ್ರಾನ್ಸಿಸ್ಟರ್. ಬಿಡಿಯಾಗಿ ಕೊಡು, ಒಂದೊಂದಕ್ಕೆ ಇಷ್ಟು ಕೊಡುತ್ತೇನೆ ಎಂದು ವಿದೇಶದಿಂದ ಕೇಳಿದವರಿದ್ದಾರೆ. ಕೊಡಲಿಲ್ಲ. ಯಾರ ಮನೆಗೆ ಎಂದು ಬರೆಯಬೇಕಲ್ಲ, ಬಿಡಿ ಟ್ರಾನ್ಸಿಸ್ಟರ್ ಎಲ್ಲಿ ಹೋಗಿ ಯಾವುದಾಗುತ್ತದೋ. ಹೊಸ ಬೇಡಿಕೆಗಳಿಗೆಲ್ಲ ಈಗ ಸಿಲಿಕಾನ್ ಹಾಕಿ ಕೊಡುತ್ತಿದ್ದೇನೆ, ಹಾಗೆಂದು ಹೇಳಿಯೇ.

ಕೊರೆದಾದ ಮೇಲೆ ತಗ್ಗಿಗೆ ಕಪ್ಪು ಬಣ್ಣ ತುಂಬಿ ಮೇಲ್ಮೈಯನ್ನು ಮತ್ತೆ ಉಜ್ಜುತ್ತೇನೆ. ಕಪ್ಪಿನ ಮೇಲೆ ಬೆಳ್ಳಗೆ ಹೊಳೆಯುವ ಗೆರೆಗಳಷ್ಟೇ ಉಳಿಯುತ್ತವೆ. ನೋಡಿದವರೆಲ್ಲ, ಅದರಲ್ಲೂ ಆಫೀಸಿನ ಕಲಬುರಗಿಯ ಗೆಳೆಯ, “ಏನ್ರೀ, ಬಿದರಿ ಮಾಡಿಸೀರೇನು?” ಎಂದೇ ಕೇಳುತ್ತಾರೆ. ಹೈದರಾಬಾದಿನಿಂದ ಬೀದರ ಸುಮಾರು 140 ಕಿಲೋಮೀಟರ್, ಜಹೀರಾಬಾದ್ ದಾಟಿ ಬಲಕ್ಕೆ ತಿರುಗಿದರೆ ಬೆಳಗಿನ ತಿಂಡಿಯ ಹೊತ್ತಿಗೆ ತಲುಪಬಹುದು. ಹೋದ ತಿಂಗಳು ಒಂದು ಡಬ್ಬಿಯನ್ನು ಹಿಡಿದುಕೊಂಡು ಚೌಬಾರಾದ ಹತ್ತಿರದ ಒಬ್ಬ ಬಿದರಿ ಕಸಬುದಾರರಲ್ಲಿಗೆ ಹೋದೆ.

ಬಿದರಿಯ ಲೋಹ ಸತುವಿನದು, ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ. ಮರಳಿನ ಅಚ್ಚಿನಲ್ಲಿ ಎರಕ ಹೊಯ್ದು, ನುಣುಪು ಮಾಡಿ, ಗೆರೆ ಕಾಣಲೆಂದು ಮೈಗೆ ತಾತ್ಕಾಲಿಕವಾಗಿ ಕಪ್ಪು ಹಚ್ಚುತ್ತಾರೆ. ಹಚ್ಚುವುದು ಏನನ್ನು? ಅದೇ ಮೈಲುತುತ್ತದ ನೀರು. ಬಟ್ಟಲು ನೋಡಿದ ಕೂಡಲೇ ಗುರುತು ಹಿಡಿದೆ. ಆಮೇಲೆ ಉಳಿಯಿಂದ ಕೊರೆದು, ಬೆಳ್ಳಿ ತಂತಿಯನ್ನು ಬಡಿದು ಕೂರಿಸಿ, ಕೊನೆಗೆ ಬೀದರ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿದ ಬಿಸಿನೀರಿನಲ್ಲಿ ಅದ್ದುತ್ತಾರೆ. ಸತು ಕಡುಗಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಉಳಿಯುತ್ತದೆ. 2006ರಲ್ಲಿ ಈ ಕಸುಬಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು.

ಕಸಬುದಾರರು ನನ್ನ ಡಬ್ಬಿಯನ್ನು ತಿರುಗಿಸಿ, ಉಗುರಿನಿಂದ ತಗ್ಗನ್ನು ಕೆರೆದು ನೋಡಿದರು. “ಇದು ತಿಂದಿದ್ದು, ಕೊರೆದಿದ್ದಲ್ಲ” ಎಂದರು. ಕಪ್ಪು ಬಣ್ಣ ಉಗುರಿಗೆ ಬಂತು. ಅಲ್ಯೂಮಿನಿಯಂಗೆ ಬೆಳ್ಳಿ ಕೂರಿಸಿ ಕೊಡಬಹುದೇ ಎಂದು ಕೇಳಿದೆ. ನಮ್ಮ ಮಣ್ಣಿಗೆ ಅದು ಕಪ್ಪಾಗುವುದಿಲ್ಲ, ಬೇಡ ಎಂದರು. ಸ್ವಲ್ಪ ಹೊತ್ತು ಯೋಚಿಸಿ, ಡಬ್ಬಿಯನ್ನೇ ಸತುವಿನಲ್ಲಿ ಎರಕ ಹೊಯ್ದರೆ ಆಗದೇ, ಒಳಗೆ ಹಾಯುವ ಕರೆಂಟಿಗೆ ಏನಾದರೂ ತೊಂದರೆಯೇ ಎಂದು ಕೇಳಿದರು. ಸತುವೂ ಲೋಹವೇ, ಗುಂಯ್‌ಗಾಟವನ್ನು ಅದೂ ತಡೆಯುತ್ತದೆ. ತೂಕ ಎರಡು ಪಟ್ಟಿಗಿಂತ ಹೆಚ್ಚಾದೀತು; ಕಾಲಿನ ಒದೆತಕ್ಕೆ ಜಾರದೆ ಕೂರುತ್ತದೆ, ಅದೂ ಒಳ್ಳೆಯದೇ. ಜ್ಯಾಕಿಗೆ, ಸ್ವಿಚ್ಚಿಗೆ ತೂತುಗಳನ್ನು ಬೆಳ್ಳಿ ಕೂರಿಸುವ ಮೊದಲೇ ಹಾಕಿಕೊಳ್ಳಬೇಕು ಎಂದು ಅವರೇ ಹೇಳಿದರು. ‘ಗದ್ದಲ’ದ ಒತ್ತಿನ ಕಷ್ಟ ಹೇಳಿಕೊಂಡಾಗ ನಕ್ಕರು. ತಂತಿಯನ್ನು ಎಷ್ಟು ಸಣ್ಣಕ್ಕೆ ಬೇಕಾದರೂ ಬಗ್ಗಿಸಬಹುದಂತೆ.

ಅಚ್ಚು ಮಾಡಿಕೊಳ್ಳಲು ಒಂದು ಖಾಲಿ ಡಬ್ಬಿಯನ್ನೂ ತೂತುಗಳ ನಕ್ಷೆಯನ್ನೂ ಅಲ್ಲೇ ಬಿಟ್ಟು ಬಂದಿದ್ದೇನೆ. ಎರಡು ತಿಂಗಳು ಎಂದಿದ್ದಾರೆ. ಕೆಂಪು ದಾರದ ಆ ಎರಡು ಒಂಟಿಗಳು ಅದಕ್ಕೆ. ಲೆಕ್ಕದ ಪುಸ್ತಕದಲ್ಲಿ ಹನ್ನೊಂದನೆಯ ಸಾಲು ಬರೆದಿಟ್ಟಿದ್ದೇನೆ, ಯಾರ ಮನೆಗೆ ಎಂಬ ಜಾಗ ಮಾತ್ರ ಖಾಲಿ ಇದೆ.